ಮೈಲಾರ ಮಹಾದೇವಪ್ಪನವರ ಆ 13 ವರ್ಷ: ಹಾವೇರಿ ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ಹಾವೇರಿಯ ರೈಲು ನಿಲ್ದಾಣಕ್ಕೆ ಸ್ವಾತಂತ್ರ್ಯ ಹೋರಾಟಗಾರ ಮೈಲಾರ ಮಹಾದೇವಪ್ಪನವರ ಹೆಸರಿದೆ. ಊರಲ್ಲಿ ಅವರ ಸ್ಮಾರಕ ವೀರಸೌಧವಿದೆ. 2018ರಲ್ಲಿ ಅಂಚೆಚೀಟಿಯೂ ಬಂತು. ಇದೆಲ್ಲ ಆಗಬೇಕಾದದ್ದೇ, ಆಗಿದ್ದು ಸಂತೋಷ. ಆದರೆ ನಮ್ಮ ಮಕ್ಕಳನ್ನು ಕೇಳಿದರೆ ಎರಡೇ ಮಾತು ಬರುತ್ತದೆ: ಉಪ್ಪಿನ ಸತ್ಯಾಗ್ರಹಕ್ಕೆ ಗಾಂಧೀಜಿ ಜೊತೆ ದಂಡಿಗೆ ನಡೆದರು, ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದರು. ಒಂದು 1930, ಇನ್ನೊಂದು 1943. ನಡುವಿನ 13 ವರ್ಷ ಏನಾಯ್ತು ಅನ್ನೋದು ಯಾರ ಬಾಯಲ್ಲೂ ಇಲ್ಲ. ಅದಕ್ಕಾಗಿಯೇ ಈ ಪತ್ರ.

ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಈ ಹುಡುಗ ಹುಟ್ಟಿದ್ದು 1911ರ ಜೂನ್ 8ರಂದು. 1930ರ ಮಾರ್ಚ್ 12ರಂದು ಗಾಂಧೀಜಿ ಸಬರಮತಿಯಿಂದ ಹೊರಟಾಗ ಜೊತೆಗಿದ್ದ 78 ಜನರಲ್ಲಿ ಕರ್ನಾಟಕದವರು ಇವರೊಬ್ಬರೇ. ವಯಸ್ಸು 18. ದಂಡಿಯವರೆಗೆ 240 ಮೈಲಿ ದಾರಿ. ಬರೀ ನಡೆದರೆ ಸಾಕಾಗುತ್ತಿರಲಿಲ್ಲ. ದಿನಾ ಪ್ರಾರ್ಥನೆ, ದಿನಾ ನೂಲುವುದು, ಅದರ ಮೇಲೆ ಪ್ರತಿಯೊಬ್ಬರೂ ದಿನಚರಿ ಬರೆಯಬೇಕು. ಬಿಸಿಲಲ್ಲಿ ನಡೆದು ಕಾಲು ಬೊಬ್ಬೆ ಬಂದವನೂ ಸಂಜೆ ನೂಲುವ ತಕಲಿ ಹಿಡಿದು ಕೂರಬೇಕಿತ್ತು.

ಆ ಶಿಸ್ತು ಊರಿಗೂ ಬಂತು. ಅವರು ಜೈಲು ಕಂಡರು, ಖಾದಿ ಕೆಲಸ ಮಾಡಿದರು, ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿದರು. ಹೆಂಡತಿ ಸಿದ್ಧಮ್ಮನವರೂ ಸಬರಮತಿ ಆಶ್ರಮಕ್ಕೆ ಹೋದವರು, ಜೈಲು ಸೇರಿದವರು. ಗಂಡನ ಕಥೆ ಹೇಳುವಾಗ ಇವರಿಗೆ ಒಂದು ಸಾಲು ಸಿಕ್ಕರೆ ಜಾಸ್ತಿ. ನನಗೆ ಇದು ತುಂಬ ಬೇಜಾರಿನ ವಿಷಯ.

1942ರ ಆಗಸ್ಟ್‌ನಲ್ಲಿ ‘ಭಾರತ ಬಿಟ್ಟು ತೊಲಗಿ’ ಎಂಬ ಕರೆ ಬಂತು. ಮರುದಿನ ಬೆಳಗಾಗುವಷ್ಟರಲ್ಲಿ ದೊಡ್ಡ ನಾಯಕರೆಲ್ಲ ಬಂಧನದಲ್ಲಿದ್ದರು. ಹಳ್ಳಿಗಳಲ್ಲಿ ಚಳವಳಿ ಬಿದ್ದದ್ದು ಇಂಥವರ ಹೆಗಲಿಗೆ. ಹಳ್ಳಿಯವರಿಗೆ ಬ್ರಿಟಿಷ್ ಸರ್ಕಾರ ಅಂದರೆ ಚಾವಡಿಯ ಲೆಕ್ಕಪತ್ರ, ಟಪಾಲು ಚೀಲ, ಕಂದಾಯದ ಪೆಟ್ಟಿಗೆ. ಮಹಾದೇವಪ್ಪನವರ ತಂಡ ಕೈ ಹಾಕಿದ್ದೂ ಅವಕ್ಕೇ. 1943ರ ಏಪ್ರಿಲ್ 1ರಂದು ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿ ಕಂದಾಯದ ಹಣ ಇತ್ತು, ಪೊಲೀಸ್ ಕಾವಲಿತ್ತು. ತಂಡ ಅಲ್ಲಿಗೆ ನುಗ್ಗಿತು. ಗುಂಡು ಹಾರಿತು. ಮಹಾದೇವಪ್ಪನವರ ಜೊತೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಕೂಡ ಪ್ರಾಣ ಕೊಟ್ಟರು. ಮಹಾದೇವಪ್ಪನವರಿಗೆ ಆಗಿನ್ನೂ 31.

ತಕಲಿ ಹಿಡಿದ ಕೈ ಸರ್ಕಾರದ ಹಣಕ್ಕೆ ಕೈ ಹಾಕುವವರೆಗೆ ಹೇಗೆ ಬಂತು? ಹೈಸ್ಕೂಲು ಮಕ್ಕಳು ಈ ಪ್ರಶ್ನೆ ಕೇಳಿಯೇ ಕೇಳುತ್ತಾರೆ, ಕೇಳಲೂ ಬೇಕು. ಉತ್ತರ ಇರುವುದು ಆ 13 ವರ್ಷಗಳಲ್ಲಿ. ಸುಮ್ನೆ ‘ಹುತಾತ್ಮ’ ಅಂತ ಹಾರ ಹಾಕಿ ಮುಗಿಸಿದರೆ ಅದು ಸಿಗುವುದಿಲ್ಲ.

ಹಾಗಾಗಿ ನಿಮ್ಮಲ್ಲಿ ಕೆಲವು ಕೋರಿಕೆ. ಆಗ ನಮ್ಮ ಭಾಗ ಧಾರವಾಡ ಜಿಲ್ಲೆಯಲ್ಲಿ, ಬಾಂಬೆ ಪ್ರಾಂತ್ಯದಲ್ಲಿತ್ತು. ಆ ಸರ್ಕಾರದ ಹಳೆಯ ಕಡತಗಳು ಮುಂಬೈನ ಪತ್ರಾಗಾರದಲ್ಲಿವೆ. ಇಂಗ್ಲಿಷ್, ಮರಾಠಿ ಎರಡೂ ಬಲ್ಲ ಇಬ್ಬರು ಸಂಶೋಧಕರನ್ನು ಅಲ್ಲಿಗೆ ಕಳಿಸಿ. ಈ ಮೂವರ, ಸಿದ್ಧಮ್ಮನವರ ಮತ್ತು ಅವರ ಸಂಗಾತಿಗಳ ಬಗ್ಗೆ ಪೊಲೀಸರೂ ಜೈಲಿನವರೂ ಬರೆದಿಟ್ಟದ್ದನ್ನು ಪ್ರತಿ ಮಾಡಿಸಿ, ಕನ್ನಡಕ್ಕೆ ತರಿಸಿ. ದಂಡಿಯ ದಿನಚರಿಗಾಗಿಯೂ ಹುಡುಕಿಸಿ. ಸಿಕ್ಕಿದ್ದನ್ನು ವೀರಸೌಧದಲ್ಲಿಡಿ, ಇಂಟರ್ನೆಟ್ಟಿಗೂ ಹಾಕಿಸಿ.

ಇನ್ನೊಂದು ಕೆಲಸಕ್ಕೆ ಕಾಯಲು ಟೈಮೇ ಇಲ್ಲ. 1943ರಲ್ಲಿ 10 ವರ್ಷದವರಾಗಿದ್ದವರಿಗೆ ಈಗ 90 ದಾಟಿದೆ. ಹೊಸರಿತ್ತಿ, ಕೊರಡೂರು, ಮೋಟೆಬೆನ್ನೂರಿನ ಹಿರಿಯರು ಕಂಡದ್ದನ್ನೂ ಮನೆಯಲ್ಲಿ ಕೇಳಿದ್ದನ್ನೂ ಈ ವರ್ಷವೇ ರೆಕಾರ್ಡ್ ಮಾಡಿಸಿ. ಹೊಸರಿತ್ತಿಯಲ್ಲೇ ಗಾಂಧಿ ಗ್ರಾಮೀಣ ಗುರುಕುಲ ಇದೆ ಅಲ್ವಾ, ಅಲ್ಲಿನ ಮಕ್ಕಳನ್ನೇ ಈ ಕೆಲಸಕ್ಕೆ ಸೇರಿಸಿಕೊಳ್ಳಬಹುದು.

ಏಪ್ರಿಲ್ 1 ಪರೀಕ್ಷೆ, ಫಲಿತಾಂಶಗಳ ಗಡಿಬಿಡಿಯಲ್ಲಿ ಕಳೆದುಹೋಗುತ್ತದೆ. ಶಾಲೆ ಶುರುವಾದ ಹೊಸದರಲ್ಲೇ ಜೂನ್ 8 ಬರುತ್ತದೆ. ಜಿಲ್ಲೆಯ ಎಲ್ಲ ಶಾಲೆಗಳಲ್ಲೂ ಅಂದು ಒಂದು ಪೀರಿಯಡ್ ಇದಕ್ಕೇ ಮೀಸಲಿಡುವಂತೆ ಸುತ್ತೋಲೆ ಹೊರಡಿಸಿ. ಅದರಲ್ಲಿ ತಿರಕಪ್ಪ, ವೀರಯ್ಯ, ಸಿದ್ಧಮ್ಮ ಈ ಮೂರು ಹೆಸರೂ ಕಡ್ಡಾಯವಾಗಿ ಇರಲಿ.

ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ಬ್ಯಾಡಗಿ ತಾಲ್ಲೂಕಿನ ಒಬ್ಬ ಶಾಲಾ ಶಿಕ್ಷಕ