ಕಾದಂಬರಿಗೂ ನಕ್ಷೆ ಬೇಕು

ಮಾನ್ಯ ಸಂಪಾದಕರೇ,

ವಕೀಲಿಕೆಯಿಂದ ಕಥನ ಸಾಹಿತ್ಯಕ್ಕೆ ಬಂದವರನ್ನು ಪರಿಚಯಿಸುವಾಗ, ಅವರು ಕರಿಕೋಟು ಕಳಚಿಟ್ಟು ಲೇಖನಿ ಹಿಡಿದರು ಎಂದು ಬರೆಯುವುದು ನಮ್ಮ ಪತ್ರಿಕೆಗಳಲ್ಲಿ ರೂಢಿಯಾಗಿದೆ. ಕಸುಬನ್ನು ಹೊಸಿಲಾಚೆ ಬಿಟ್ಟು ಬಂದರೆ ಮಾತ್ರ ಕತೆ ಹುಟ್ಟುತ್ತದೆ ಎಂಬ ಈ ಭಾವನೆಯನ್ನು ನಾನು ಒಪ್ಪುವುದಿಲ್ಲ.

ಎರ್ಸ್ಕಿನ್ ಚೈಲ್ಡರ್ಸ್ ಅವರನ್ನೇ ನೋಡಿ. 1870ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಐರ್ಲೆಂಡಿನಲ್ಲಿ ಬೆಳೆದು, ಕೇಂಬ್ರಿಡ್ಜಿನಲ್ಲಿ ಕಾನೂನು ಓದಿದ ಅವರು ಬ್ರಿಟಿಷ್ ಸಂಸತ್ತಿನ ಕೆಳಮನೆಯಲ್ಲಿ ಗುಮಾಸ್ತರಾಗಿದ್ದರು. ರಜೆ ಸಿಕ್ಕಿದರೆ ಹಾಯಿದೋಣಿ ಏರುವುದು ಅವರ ಹವ್ಯಾಸ. 1897ರಲ್ಲಿ, ಹಳೆಯ ಜೀವರಕ್ಷಕ ದೋಣಿಯನ್ನು ಮಾರ್ಪಡಿಸಿ ಮಾಡಿದ್ದ 'ವಿಕ್ಸನ್'ನಲ್ಲಿ ಜರ್ಮನಿಯ ಫ್ರೀಸಿಯನ್ ದ್ವೀಪಗಳತ್ತ ಹೋದರು. ಇಳಿತದಲ್ಲಿ ಮೈಲುಗಟ್ಟಲೆ ಮರಳು ಬಯಲಾಗಿ, ಉಬ್ಬರದಲ್ಲಿ ಮತ್ತೆ ಕಡಲಾಗುವ ಆ ಜಾಗವೇ 1903ರಲ್ಲಿ 'ದಿ ರಿಡಲ್ ಆಫ್ ದಿ ಸ್ಯಾಂಡ್ಸ್' ಎಂಬ ಗೂಢಚಾರ ಕಾದಂಬರಿಯಾಯಿತು.

ಆ ಕಾದಂಬರಿಯ ಶಕ್ತಿ ಇರುವುದು ಕರಾರುವಾಕ್ಕಾದ ದಾಖಲೆಯಲ್ಲಿ. ಪಾತ್ರಗಳ ದಿನಚರಿಯನ್ನೂ ನಕ್ಷೆಗಳನ್ನೂ ತಾನು ಜೋಡಿಸಿ ಕೊಡುತ್ತಿರುವುದಾಗಿ ಲೇಖಕರು ಪೀಠಿಕೆಯಲ್ಲಿ ಹೇಳುತ್ತಾರೆ; ಪುಸ್ತಕದೊಳಗೆ ನಿಜವಾಗಿಯೂ ನಕ್ಷೆಗಳಿವೆ. ದಟ್ಟ ಮಂಜಿನಲ್ಲಿ ಒಬ್ಬ ಹುಟ್ಟು ಹಾಕುತ್ತ, ಇನ್ನೊಬ್ಬ ದಿಕ್ಸೂಚಿ ಮತ್ತು ಗಡಿಯಾರವನ್ನೇ ನಂಬಿ ದಾರಿ ಹೇಳುತ್ತ ಮರಳದಿಣ್ಣೆಗಳ ನಡುವೆ ಸಾಗುವ ಭಾಗವನ್ನು, ನ್ಯಾಯಾಲಯದಲ್ಲಿ ನಿಶಾನೆ ಮಾಡಿದ ದಾಖಲೆಯನ್ನು ಪರಿಶೀಲಿಸುವಂತೆ, ನಕ್ಷೆಯ ಮೇಲೆ ಬೆರಳಿಟ್ಟುಕೊಂಡೇ ನಾನು ಓದಿದ್ದೇನೆ. ಅವರು ಬರೆದ ಕಾದಂಬರಿ ಇದೊಂದೇ. ಮುಂದೆ ಐರಿಷ್ ಸ್ವಾತಂತ್ರ್ಯ ಹೋರಾಟಕ್ಕಿಳಿದು ಮರಣದಂಡನೆಗೆ ಗುರಿಯಾದ ಅವರನ್ನು, ಮೇಲ್ಮನವಿ ಇತ್ಯರ್ಥವಾಗುವ ಮೊದಲೇ, 1922ರ ನವೆಂಬರ್ 24ರಂದು ಗುಂಡಿಕ್ಕಿ ಕೊಲ್ಲಲಾಯಿತು. ವಕೀಲನಾದ ನನಗೆ ಆ ಸಂಗತಿಯನ್ನು ಓದಿದಾಗಲೆಲ್ಲ ಸಂಕಟವಾಗುತ್ತದೆ.

ಇಷ್ಟೆಲ್ಲ ಬರೆಯಲು ಕಾರಣವಿದೆ. ಭಾನುವಾರಗಳಲ್ಲಿ ಗಂಗೊಳ್ಳಿ ಅಳಿವೆಯಲ್ಲಿ ಸಣ್ಣ ಹಾಯಿದೋಣಿ ನಡೆಸುವ ನಾನು, ಆ ಅಳಿವೆಯನ್ನೇ ಕುರಿತು ಒಂದು ಕಾದಂಬರಿ ಬರೆದೆ. ಬಿದಿರಿನ ಗಳ ಇಳಿಸಿ ಆಳ ನೋಡಿ, ಅಲ್ಲಿನ ಮೀನುಗಾರರನ್ನು ಕೇಳಿ ತಿದ್ದಿಕೊಂಡು, ಕೈಯಿಂದಲೇ ಬಿಡಿಸಿದ ನಕ್ಷೆಯನ್ನು ಹಸ್ತಪ್ರತಿಯೊಂದಿಗೆ ಪ್ರಕಾಶಕರೊಬ್ಬರಿಗೆ ಕಳುಹಿಸಿದ್ದೆ. "ಕತೆಗೆ ನಕ್ಷೆ ಏಕೆ, ಇದೇನು ಜಮೀನಿನ ವ್ಯಾಜ್ಯವೇ?" ಎಂದು ಅದನ್ನು ಹಿಂದಿರುಗಿಸಿದರು. ದೋಣಿ ಎಲ್ಲಿ ಮರಳಿಗೆ ತಾಗಿತು, ಏಕೆ ತಾಗಿತು ಎಂಬುದು ಓದುಗನಿಗೆ ಕಾಣದಿದ್ದರೆ ಆ ಕತೆಯಲ್ಲಿ ಉಳಿಯುವುದೇನು?

ತಮ್ಮ ಸಾಪ್ತಾಹಿಕ ಪುರವಣಿಯಲ್ಲಿ ಕರಾವಳಿಯ ಕತೆ, ಧಾರಾವಾಹಿಗಳನ್ನು ಪ್ರಕಟಿಸುವಾಗ ಲೇಖಕರು ಕೊಡುವ ನಕ್ಷೆಗೂ ಅಂಗೈಯಗಲ ಜಾಗ ಕೊಡಬೇಕೆಂದು ವಿನಂತಿಸುತ್ತೇನೆ. ನನ್ನ ನಕ್ಷೆಯನ್ನು ಈಗ ಹೊಸದಾಗಿ ಬಿಡಿಸುತ್ತಿದ್ದೇನೆ. ಕಳೆದ ಮಳೆಗಾಲದಲ್ಲಿ ಅಳಿವೆಯ ಕೋಡಿ ಊರಿನ ಬದಿಯ ಮರಳದಿಣ್ಣೆ ಜರುಗಿದ್ದರಿಂದ ಕಾದಂಬರಿಯ ಒಂದು ಅಧ್ಯಾಯವನ್ನೂ ತಿದ್ದಬೇಕಾಗಿದೆ.

– ಒಬ್ಬ ವಕೀಲ, ಕುಂದಾಪುರ