ಪಿಯಾನೊ ಉಡುಗೊರೆ: ನುಡಿಸುವ ಕೈ ನೋಡಿ ಬರೆಯಿರಿ

ಮಾನ್ಯ ಸಂಪಾದಕರೇ,

ಹುಟ್ಟುಹಬ್ಬಕ್ಕೋ ಮದುವೆಯ ವಾರ್ಷಿಕೋತ್ಸವಕ್ಕೋ ಸ್ವಂತದ್ದೊಂದು ಪಿಯಾನೊ ಪೀಸ್ ಬರೆದುಕೊಡಿ ಎಂದು ನಿಮ್ಮ ಪುರವಣಿಯಲ್ಲಿ ಬಂದ ಸಲಹೆ ಮೆಚ್ಚುವಂಥದ್ದೇ. ಆದರೆ ಹೀಗೆ ಬರೆದ ಎಷ್ಟೋ ಪೀಸ್‌ಗಳು ಒಂದೆರಡು ಸಲ ಕೇಳಿಸಿಕೊಂಡು ಕಪಾಟು ಸೇರುತ್ತವೆ. ಬರೆದವರು ತಮ್ಮ ಕೈಗೆ ಒಗ್ಗುವಂತೆ ಬರೆದಿರುತ್ತಾರೆ, ಪಡೆದವರ ಕೈಗೆ ಅದು ಎಟುಕುವುದಿಲ್ಲ.

ಮೊದಲು ಅವರ ಮನೆಯ ವಾದ್ಯ ನೋಡಿ. ನಮ್ಮಲ್ಲಿ ಹೆಚ್ಚಾಗಿ ಇರುವುದು 88 ಕೀಗಳ ಪಿಯಾನೊ ಅಲ್ಲ, 61 ಕೀಗಳ ಕೀಬೋರ್ಡ್. ಸಾಮಾನ್ಯವಾಗಿ ಅದರಲ್ಲಿ ಮಿಡ್ಲ್ ಸಿಯಿಂದ (ಪಿಯಾನೊದ ನಡುವಿನ ‘ಸಿ’ ಸ್ವರ) ಕೆಳಕ್ಕೆ ಎರಡು ಆಕ್ಟೇವ್ (ಒಂದು ಸ್ವರದಿಂದ ಅದೇ ಹೆಸರಿನ ಮುಂದಿನ ಸ್ವರದವರೆಗಿನ ಅಂತರ), ಮೇಲಕ್ಕೆ ಮೂರು, ಅಷ್ಟರೊಳಗೇ ಬರೆಯಬೇಕು. ಸ್ವರವನ್ನು ಹಿಡಿದಿಡಲು ಕಾಲಲ್ಲಿ ಒತ್ತುವ ಪೆಡಲ್ ಇರುವುದು ಅನುಮಾನ. ಪೆಡಲ್ ನಂಬಿ ಎಡಗೈಯನ್ನು ಆಚೀಚೆ ಹಾರಿಸಿದರೆ ನಾದ ತುಂಡುತುಂಡಾಗುತ್ತದೆ. ಹೇಗೆ ಒತ್ತಿದರೂ ಒಂದೇ ಸದ್ದು ಕೊಡುವ ಅಗ್ಗದ ಕೀಬೋರ್ಡ್ ಆದರಂತೂ ಮೆಲ್ಲಗೆ, ಜೋರಾಗಿ ಎಂಬ ಗುರುತುಗಳಿಗೆ ಅರ್ಥವಿಲ್ಲ. ಜೋರು ಬೇಕಾದಲ್ಲಿ ಒಂದು ಸ್ವರದ ಬದಲು ಎರಡು ಇಡಿ.

ಆಮೇಲೆ ಕೈ. ಒಂದು ಆಕ್ಟೇವ್ ಎಂದರೆ ಸುಮಾರು 16.5 ಸೆಂ.ಮೀ. ಎಂಟು ವರ್ಷದ ಮಗುವಿಗೂ ಗಂಟುನೋವಿನ ಅಜ್ಜಿಗೂ ಅಷ್ಟು ಚಾಚಿಸುವುದು ಅನ್ಯಾಯ. ಒಂದೊಂದು ಕೈಗೆ ಅಕ್ಕಪಕ್ಕದ ಆರು ಬಿಳಿ ಕೀ ದಾಟದಂತೆ ಬರೆದರೂ ಒಳ್ಳೆಯ ಸಂಗೀತ ಹುಟ್ಟುತ್ತದೆ.

ಹೆಸರನ್ನು ಸ್ವರವಾಗಿಸುವುದು ಹಳೆಯ ಆಟ. ಪಾಶ್ಚಾತ್ಯ ಸ್ವರಗಳಿಗೆ ಎ, ಬಿ, ಸಿ ಎಂದು ಅಕ್ಷರಗಳೇ ಹೆಸರು. ಜರ್ಮನ್ ಸಂಗೀತ ರಚನಕಾರ ಶೂಮನ್ 1830ರಲ್ಲಿ ‘ಅಬೆಗ್’ (Abegg) ಎಂಬ ಹೆಸರಿನ ಅಕ್ಷರಗಳನ್ನೇ ಸ್ವರ ಮಾಡಿಕೊಂಡು ತನ್ನ ಮೊದಲ ಓಪಸ್ (ಸಂಖ್ಯೆ ಕೊಟ್ಟ ಕೃತಿ) ಬರೆದ. ಜರ್ಮನ್ ಪದ್ಧತಿ ಅನುಸರಿಸುವವರು ಎಡವುವುದು ಇಲ್ಲೇ: ಅವರ ‘ಬಿ’ ನಮಗೆ ಬಿ ಫ್ಲಾಟ್ (ನಮ್ಮ ಬಿಗಿಂತ ಅರ್ಧ ಸ್ವರ ಕೆಳಗಿನದು). ನಮಗೆ ಸ್ವರಾಕ್ಷರ (ಮಾತಿನ ಅಕ್ಷರವೇ ಸ್ವರವಾಗುವುದು) ಇದ್ದೇ ಇದೆ. ಸಾಗರ್ ಎಂದರೆ ಸ ಗ ರಿ. ನಿಸರ್ಗ ಎಂದರೆ ನಿ ಸ ರಿ ಗ. ಇದರಲ್ಲಿ ‘ನಿ’ಯನ್ನು ಮೊದಲ ಬಾರ್‌ನ (ನೊಟೇಶನ್‌ನಲ್ಲಿ ಎರಡು ನಿಂತ ಗೆರೆಗಳ ನಡುವಿನ ತಾಳದ ತುಂಡು) ಹಿಂದಿನ ಎತ್ತುಗಡೆಯಾಗಿಟ್ಟು ‘ಸ’ವನ್ನು ತಾಳದ ಪೆಟ್ಟಿನ ಮೇಲೆ ತಂದರೆ ಹೆಸರು ತಾನಾಗಿ ನಡೆಯುತ್ತದೆ.

ಪದ್ಮಾ ಎಂಬ ಹೆಸರು ತೆಗೆದುಕೊಳ್ಳಿ: ಪ ದ ಮ. ‘ಸಿ’ಯನ್ನೇ ಸ ಮಾಡಿಕೊಂಡ ಸಿ ಮೇಜರ್‌ನಲ್ಲಿ ಜಿ, ಎ, ಎಫ್, ಬಾರ್‌ಗೊಂದರಂತೆ. ಎಫ್‌ನಲ್ಲಿ ನಿಲ್ಲಿಸಿದರೆ ಮಾತು ಅರ್ಧಕ್ಕೇ ನಿಂತಂತೆ ಕೇಳುತ್ತದೆ, ಏಕೆಂದರೆ ಅದು ಇ ಕಡೆಗೆ ವಾಲುವ ಸ್ವರ. ಹಾಗಾಗಿ ನಾಲ್ಕನೇ ಬಾರ್‌ನಲ್ಲಿ ಇ ಕೊಡಿ. ಬಲಗೈ ಹೆಬ್ಬೆರಳನ್ನು ಇ ಮೇಲಿಟ್ಟರೆ ಬೆರಳುಗಳು (ಹೆಬ್ಬೆರಳು 1, ಕಿರುಬೆರಳು 5) 3, 4, 2, 1. ಕೈ ಒಂದಿಂಚೂ ಸರಿಯಬೇಕಿಲ್ಲ. ಎಡಗೈ ಮಿಡ್ಲ್ ಸಿಗಿಂತ ಒಂದು ಆಕ್ಟೇವ್ ಕೆಳಗಿನ ಸಿಯಲ್ಲಿ ಕೂರಲಿ: ಮೊದಲ ಬಾರಿನಲ್ಲಿ ಸಿ–ಇ, ಎರಡರಲ್ಲಿ ಸಿ–ಎಫ್, ಮೂರರಲ್ಲಿ ಕಿರುಬೆರಳು ಒಂದು ಕೀ ಇಳಿದು ಬಿ–ಜಿ, ನಾಲ್ಕರಲ್ಲಿ ಸಿ–ಜಿ. ಇದಕ್ಕಿಂತ ಕೆಳಗೆ ಹೋದಿರೋ, ಒತ್ತೊತ್ತಾಗಿಟ್ಟ ಸ್ವರಗಳು ಗೊಜ್ಜಿನಂತೆ ಕಲಸಿಕೊಳ್ಳುತ್ತವೆ. ಅಲ್ಲಿ ಕೆಳಗಿನ ಸ್ವರವನ್ನೂ ಸೇರಿಸಿ ಎಣಿಸಿದಾಗ ಮೇಲಿನದು ಐದನೆಯದೋ ಎಂಟನೆಯದೋ ಆಗುವಷ್ಟು ಅಂತರ ಬಿಡಿ. ಹೆಸರು ಇಡೀ ಪೀಸಿನಲ್ಲಿ ಮೂರು ನಾಲ್ಕು ಸಲ ಬಂದರೆ ಸಾಕು, ಮಿಕ್ಕಿದರೆ ಜಾಹೀರಾತಾಗುತ್ತದೆ.

ಅವರ ಮೆಚ್ಚಿನ ರಾಗದಲ್ಲೇ ಬರೆಯುವ ಆಸೆ ಸಹಜ. ಆದರೆ ಪಿಯಾನೊದಲ್ಲಿ ಒತ್ತಿದ ಸ್ವರವನ್ನು ಬಾಗಿಸಲಾಗದು. ಗಮಕವೇ (ಸ್ವರದ ಓಲಾಟ) ಜೀವಾಳವಾದ ತೋಡಿ ರಾಗ ಇಲ್ಲಿ ಒಣಗುತ್ತದೆ. ಮೋಹನ, ಹಂಸಧ್ವನಿ ಒಂದಿಷ್ಟು ನಿಭಾಯಿಸುತ್ತವೆ.

ಉದ್ದ ಒಂದು ನಿಮಿಷ ಇರಲಿ. ಮೂರು ಎಣಿಕೆಯ 16 ಬಾರ್ ಬರೆದು ಮೊದಲ ಎಂಟನ್ನು ಕೊನೆಗೆ ಮತ್ತೆ ನುಡಿಸಲು ಹೇಳಿ; 24 ಬಾರ್, 72 ಎಣಿಕೆ, ಮೆಟ್ರೊನೋಮ್ (ಎಣಿಕೆ ಬಡಿಯುವ ಸಾಧನ) ನಿಮಿಷಕ್ಕೆ 72 ಪೆಟ್ಟಿಗೆ ಇಟ್ಟರೆ ಸರಿಯಾಗಿ ಒಂದು ನಿಮಿಷ. ಸಾಲಿಗೆ ನಾಲ್ಕು ಬಾರಿನಂತೆ ಎ4 ಹಾಳೆಯ ಒಂದೇ ಮಗ್ಗುಲಲ್ಲಿ ಮುಗಿಯುತ್ತದೆ, ಪುಟ ತಿರುವುವ ತಾಪತ್ರಯವಿಲ್ಲ.

ಕಂಪ್ಯೂಟರ್ ನುಡಿಸಿ ತೋರಿಸುವುದನ್ನು ನಂಬಬೇಡಿ. ಮ್ಯೂಸ್‌ಸ್ಕೋರ್‌ನಂಥ ಉಚಿತ ತಂತ್ರಾಂಶ ನೊಟೇಶನ್ ಬರೆಯಲು ಬಹಳ ಒಳ್ಳೆಯದು, ಆದರೆ ಮೂರು ಕೈ ಬೇಕಾದದ್ದನ್ನೂ ಅದು ಸಲೀಸಾಗಿ ನುಡಿಸಿಬಿಡುತ್ತದೆ. ಪಡೆಯುವವರಷ್ಟೇ ಕಲಿತ ಬೇರೊಬ್ಬರ ಮುಂದೆ ಹಾಳೆ ಇಟ್ಟು ನೋಡಿ. ಒಂದೇ ಬಾರ್‌ನಲ್ಲಿ ಎರಡು ಸಲ ತಡವರಿಸಿದರೆ ಅವರನ್ನು ತಿದ್ದಬೇಡಿ, ಬಾರನ್ನೇ ಬದಲಿಸಿ. ಬೆರಳಿನ ಸಂಖ್ಯೆಯನ್ನು ಕೈ ಜಾಗ ಬದಲಿಸುವಲ್ಲಿ ಮಾತ್ರ ಹಾಕಿ.

ಹಿರಿಯರಿಗಾದರೆ ನೊಟೇಶನ್‌ನ ಐದು ಗೆರೆಗಳ ಒಟ್ಟು ಎತ್ತರ 8 ಮಿ.ಮೀ. ಇರಲಿ, ಹಾಳೆ ಸ್ಟ್ಯಾಂಡಿನಲ್ಲಿ ಬಾಗದಷ್ಟು ದಪ್ಪವಿರಲಿ. ಲ್ಯಾಮಿನೇಟ್ ಮಾಡಿಸಬೇಡಿ: ಟ್ಯೂಬ್‌ಲೈಟ್ ಹೊಳೆದು ಗೆರೆಗಳು ಕಾಣುವುದಿಲ್ಲ, ಪೆನ್ಸಿಲ್ ಗುರುತೂ ನಿಲ್ಲುವುದಿಲ್ಲ.

– ಪಿಯಾನೊ ಶಿಕ್ಷಕರಿಬ್ಬರು, ಮೈಸೂರು