ವೀರಗಲ್ಲಿನ ಶ್ಲೋಕ, ದುರ್ಯೋಧನನ ಕಣ್ಣೀರು

ಮಾನ್ಯ ಸಂಪಾದಕರೇ,

ಗಡಿಯಲ್ಲಿ ಗುಂಡಿನ ಸದ್ದು ಕೇಳಿದಾಗಲೆಲ್ಲ ನಮ್ಮ ಕವಿಗೋಷ್ಠಿಗಳಲ್ಲೂ ಪತ್ರಿಕೆಗಳ ಸಾಪ್ತಾಹಿಕ ಪುರವಣಿಗಳಲ್ಲೂ ಯುದ್ಧದ ಪದ್ಯಗಳು ಹೆಚ್ಚುತ್ತವೆ. ಅವುಗಳಲ್ಲಿ ಬಹುಪಾಲು ರಕ್ತತಿಲಕ, ಸಿಂಹಗರ್ಜನೆಗಳನ್ನು ದಾಟಿ ಮುಂದೆ ಹೋಗುವುದಿಲ್ಲ. ಬಹುಕಾಲ ಹಳಗನ್ನಡ ಪಾಠ ಹೇಳಿದವನಾಗಿ, ಯುದ್ಧದ ಅನುಭವ ಕಾವ್ಯಕ್ಕೆ ಬರುವ ಬಗೆ ಇದೊಂದೇ ಅಲ್ಲ, ಕನ್ನಡದಲ್ಲಂತೂ ಅಲ್ಲ ಎಂದು ಹೇಳಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಕಹಳೆಯ ದನಿಯೂ ನಮ್ಮದೇ. ‘ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ’ ಎಂದು ಆರಂಭವಾಗುವ ಶ್ಲೋಕ ಕರ್ನಾಟಕದ ಎಷ್ಟೋ ವೀರಗಲ್ಲುಗಳ ಮೇಲಿದೆ: ಗೆದ್ದರೆ ಸಿರಿ, ಸತ್ತರೆ ದೇವಕನ್ಯೆ, ಕ್ಷಣದಲ್ಲಿ ಅಳಿಯುವ ಮೈಗೆ ರಣದ ಸಾವಿನ ಚಿಂತೆ ಏತಕ್ಕೆ? ತುರುಗಾಳಗದಲ್ಲಿ ಊರಿನ ದನ ಬಿಡಿಸಲು ಹೋಗಿ ಮಡಿದವನ ಮನೆಯವರಿಗೆ ಆ ಕಲ್ಲು ಕೊಟ್ಟ ಸಮಾಧಾನವನ್ನು ನಾನು ಹಗುರವಾಗಿ ಕಾಣಲಾರೆ. ಆದರೂ ಅದು ಉಳಿದವರು ಕೆತ್ತಿಸಿದ ಮಾತೇ ಹೊರತು ಮಡಿದವನ ಮಾತಲ್ಲ.

ರನ್ನನ ‘ಗದಾಯುದ್ಧ’ವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಚಾಲುಕ್ಯ ದೊರೆ ಇರಿವಬೆಡಂಗ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿದ ಈ ಆಸ್ಥಾನಕಾವ್ಯದಲ್ಲಿ ಕವಿ ಹಾಡಬೇಕಾದುದು ಗೆದ್ದವನನ್ನು. ಆದರೆ ಓದುಗರ ಮನಸ್ಸಿನಲ್ಲಿ ಉಳಿಯುವುದು, ಸಂಜಯನೊಡನೆ ಹೆಣಗಳ ನಡುವೆ ಎಡವುತ್ತ ನಡೆಯುವ ಸೋತ ದುರ್ಯೋಧನ. ದ್ರೋಣ, ದುಶ್ಶಾಸನ, ಕರ್ಣರ ದೇಹಗಳ ಮುಂದೆ ಅವನು ನಿಲ್ಲುತ್ತಾನೆ. ಶತ್ರುವಿನ ಮಗನಾದ ಅಭಿಮನ್ಯುವಿನ ಮುಂದೆ ನಿಂತು, ಇವನ ಸಾಹಸದ ಒಂದಂಶವಾದರೂ ಇರುವ ಸಾವು ತನಗೆ ಬರಲಿ ಎಂದು ಬೇಡುತ್ತಾನೆ. ಸ್ವಂತ ಮಗ ಲಕ್ಷಣಕುಮಾರನ ಹೆಣ ಕಂಡಾಗ ಬರುವ ಮಾತು ಇದು: ‘ಜನಕಂಗೆ ಜಲಾಂಜಲಿಯಂ ತನೂಭವಂ ಕುಡುವುದುಚಿತಂ’. ಅಪ್ಪನಿಗೆ ಮಗ ತರ್ಪಣ ಬಿಡಬೇಕು, ಈಗ ನಿನಗೆ ನಾನು ಬಿಡುವಂತಾಯಿತೇ, ಮಗನೇ, ನೀನು ‘ಕ್ರಮವಿಪರ್ಯಯ’ ಮಾಡುವುದೇ, ಎಂದರೆ ಸಹಜ ಕ್ರಮವನ್ನು ತಲೆಕೆಳಗು ಮಾಡುವುದೇ, ಎಂದು ಅವನು ಕೇಳುತ್ತಾನೆ. ಶಾಸ್ತ್ರಗ್ರಂಥದಿಂದ ಎತ್ತಿ ತಂದಂತಿರುವ ಆ ಒಣಗಿದ ಪದವನ್ನು ಅಳುವ ತಂದೆಯ ಬಾಯಲ್ಲಿ ಇಟ್ಟಿರುವುದರಲ್ಲೇ ರನ್ನನ ಶಕ್ತಿಯಿದೆ. ಹತ್ತು ಸಾಲು ಗೋಳಾಟ ಅಷ್ಟನ್ನು ಹೇಳಲಾರದು. ಈ ಯುದ್ಧವನ್ನು ಹಟದಿಂದ ಬೇಡಿ ತಂದವನೂ ಅವನೇ ಎಂಬುದನ್ನು ಓದುಗ ಮರೆಯುವಂತಿಲ್ಲ.

ಒಂಬತ್ತು ಶತಮಾನಗಳ ಬಳಿಕ ಮೊದಲ ಮಹಾಯುದ್ಧದ ಕಂದಕಗಳಲ್ಲಿ ಕಾದಿದ ಇಂಗ್ಲಿಷ್ ಕವಿ ವಿಲ್‌ಫ್ರೆಡ್ ಓವನ್ ಇದೇ ವಿಪರ್ಯಯವನ್ನು ಇನ್ನೊಂದು ಕಡೆಯಿಂದ ಕಂಡ. ಬೈಬಲ್ಲಿನ ಅಬ್ರಹಾಮ ಮಗನನ್ನು ಬಲಿಕೊಡಲು ಕತ್ತಿಯೆತ್ತಿದಾಗ ದೇವದೂತ ತಡೆಯುತ್ತಾನೆ, ಮಗನ ಬದಲು ಟಗರು ಬಲಿಯಾಗುತ್ತದೆ. ಓವನ್ನನ ಕವಿತೆಯಲ್ಲಿ ಮುದುಕ ಆ ಮಾತಿಗೆ ಕಿವಿಗೊಡದೆ ಮಗನನ್ನು ಕೊಲ್ಲುತ್ತಾನೆ. ಜೊತೆಗೆ ಯುರೋಪಿನ ಅರ್ಧದಷ್ಟು ಸಂತಾನವನ್ನು ಒಬ್ಬೊಬ್ಬರನ್ನಾಗಿ. ನಾಡಿಗಾಗಿ ಸಾಯುವುದು ಸವಿ ಎಂಬ ರೋಮನ್ ಕವಿ ಹೊರೇಸನ ಸಾಲನ್ನು, ವಿಷಾನಿಲ ಕುಡಿದು ಬಿದ್ದ ಸೈನಿಕನ ನೊರೆತುಂಬಿದ ಉಸಿರಾಟವನ್ನು ಕೇಳಿಸಿ, ಹಳೆಯ ಸುಳ್ಳು ಎಂದು ಕರೆದವನೂ ಇವನೇ. ಆ ಸಾಲು ನಮ್ಮ ವೀರಗಲ್ಲಿನ ಶ್ಲೋಕಕ್ಕೆ ಹತ್ತಿರದ ನೆಂಟ. ಓವನ್ 1918ರ ನವೆಂಬರ್ 4ರಂದು, ಯುದ್ಧ ನಿಲ್ಲಲು ಒಂದೇ ವಾರವಿರುವಾಗ, 25ನೆಯ ವಯಸ್ಸಿನಲ್ಲಿ ಫ್ರಾನ್ಸಿನ ಕಾಲುವೆಯೊಂದರ ಬಳಿ ಸತ್ತ. ಸುದ್ದಿಯ ತಂತಿ ಹೆತ್ತವರ ಮನೆ ಮುಟ್ಟಿದ್ದು ಕದನವಿರಾಮದ ದಿನ. (ರಣರಂಗಕ್ಕೆ ಕೊನೆಯ ಬಾರಿ ಹೊರಟಾಗ ಮಗ ಹೇಳಿದ್ದು ‘ಗೀತಾಂಜಲಿ’ಯ ಸಾಲು ಎಂದು ಆ ತಾಯಿ 1920ರಲ್ಲಿ ರವೀಂದ್ರನಾಥ ಠಾಕೂರರಿಗೆ ಬರೆದಳು.)

ರನ್ನ ರಣರಂಗದಲ್ಲಿ ನಿಂತಿದ್ದನೇ ಎಂಬುದು ಇಲ್ಲಿ ಮುಖ್ಯವಲ್ಲ. ಇಬ್ಬರೂ ಸೇನೆಯ ಲೆಕ್ಕ ಬಿಟ್ಟು ಒಂದು ದೇಹದ ಮುಂದೆ ನಿಂತು ಮಾತಾಡಿದ್ದಾರೆ. ಯುದ್ಧ ನ್ಯಾಯವೇ ಅನ್ಯಾಯವೇ ಎಂಬ ತೀರ್ಪನ್ನು ನಾನು ಕವಿತೆಯಿಂದ ಕೇಳುತ್ತಿಲ್ಲ, ಮತ್ತು ಸೈನಿಕನ ಧೈರ್ಯವನ್ನು ಹೊಗಳಬಾರದೆಂದೂ ಹೇಳುತ್ತಿಲ್ಲ; ರನ್ನನೇ ಅಭಿಮನ್ಯುವನ್ನು ಹೊಗಳಿದ್ದಾನೆ. ಹೊಗಳುವಾಗ ಹೆಣವನ್ನು ಮರೆಮಾಡಲಿಲ್ಲ, ಅಷ್ಟೆ.

ಮುಂದಿನ ಬಾರಿ ತಮ್ಮ ಪುರವಣಿಯಲ್ಲಿ ಯುದ್ಧದ ಕವಿತೆಗಳನ್ನು ಪ್ರಕಟಿಸುವಾಗ ಪುಟದ ಒಂದು ಮೂಲೆಯಲ್ಲಾದರೂ ಲಕ್ಷಣಕುಮಾರನ ಮುಂದಿನ ಆ ಕಂದಪದ್ಯವನ್ನು, ಪದಗಳ ಅರ್ಥ ಬಿಡಿಸಿ, ಅಚ್ಚು ಹಾಕಬೇಕೆಂದು ಕೋರುತ್ತೇನೆ. ನಾಲ್ಕೇ ಸಾಲು, ಜಾಗ ಹೆಚ್ಚು ಬೇಡ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಅಧ್ಯಾಪಕ, ಧಾರವಾಡ